ಜೋಡಿ ಆರು

ಇಬ್ಬರು ಬೀಗಿತ್ತಿಯರಿಗೆ ಒಂದೇ ಕೋಣೆಯಲ್ಲಿ ಮಂಚ ಹಾಕಿಕೊಟ್ಟ ದಿನವೇ ಲಿಫ್ಟ್ ಮೆಕ್ಯಾನಿಕ್ ಹೆಂಡತಿಗೆ ಹೇಳಿದ್ದ: "ಇಬ್ರೂ ಒಳ್ಳೇವ್ರೇ ಕಣೇ. ನನಗೆ ಅದೇ ಭಯ."

ಒಬ್ಬಾಕೆ ಅವನ ತಾಯಿ. ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಮೇಲ್ವಿಚಾರಕಿಯಾಗಿ ದುಡಿದು ನಿವೃತ್ತಿಯಾದವಳು. ತನ್ನ ಕಾಲದಲ್ಲಿ ಒಂದು ಟವೆಲ್ ಕೂಡ ಕಳೆದಿರಲಿಲ್ಲ ಎಂಬುದು ಆಕೆಯ ಹೆಮ್ಮೆ. ಆ ಕಥೆಯನ್ನು ಮನೆಗೆ ಗ್ಯಾಸ್ ತಂದವನೂ ಕೇಳಿದ್ದ, ಟಿವಿ ರಿಪೇರಿಗೆ ಬಂದವನೂ ಕೇಳಿದ್ದ. ಇನ್ನೊಬ್ಬಾಕೆ ಅವನ ಹೆಂಡತಿಯ ತಾಯಿ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ದೊಡ್ಡ ಹಂಡೆಗಳ ಮುಂದೆ ಆಯುಷ್ಯ ಸವೆಸಿದವಳು. ಮಂಡಿಯ ಆಪರೇಷನ್ ಆದ ಮೇಲೆ ಒಬ್ಬಳೇ ಇರಲು ಆಗದೆ ಮಗಳ ಮನೆಗೆ ಬಂದಿದ್ದಳು. ಮೊಮ್ಮಗಳು ಗೆಳತಿಯರ ಹತ್ತಿರ ಒಬ್ಬಳನ್ನು ಲಾಂಡ್ರಿ ಅಜ್ಜಿ, ಇನ್ನೊಬ್ಬಳನ್ನು ಕ್ಯಾಂಟೀನ್ ಅಜ್ಜಿ ಎಂದು ಕರೆಯಹೋಗಿ, ಆ ಹೆಸರುಗಳೇ ಕಟ್ಟಡದ ತುಂಬ ಓಡಾಡತೊಡಗಿದವು.

ಜಗಳ ಶುರುವಾದದ್ದು ಸೌಟಿನಿಂದ. ಲಾಂಡ್ರಿ ಅಜ್ಜಿ ಸೌಟನ್ನು ಗೋಡೆಯ ಮೊಳೆಗೆ ನೇತುಹಾಕುವವಳು. ಕ್ಯಾಂಟೀನ್ ಅಜ್ಜಿ ಒಲೆಯ ಪಕ್ಕದ ತಟ್ಟೆಯಲ್ಲಿ ಇಡುವವಳು.

"ಅಡುಗೆ ಮನೇಲಿ ಕೈಗೆ ಸಿಗೋ ಹಾಗಿರ್ಬೇಕು ಅಕ್ಕಾ," ಎಂದಳು ಕ್ಯಾಂಟೀನ್ ಅಜ್ಜಿ.

"ಕೈಗೆ ಸಿಗೋದು ಬೇರೆ, ಕಾಲಿಗೆ ಸಿಗೋದು ಬೇರೆ," ಎಂದಳು ಅವಳು.

ಆಮೇಲೆ ಟೀ ಕಡುವಾಯಿತು, ಆಲೂಗಡ್ಡೆ ಹೆಚ್ಚು ಬೆಂದಿತು, ಒಗೆದ ಬಟ್ಟೆ ಮಡಚಿದ್ದು ಸರಿಯಾಗಲಿಲ್ಲ. ಸೊಸೆ ಔಷಧಿ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ನಿಂತು ಬಂದು, ಚಪ್ಪಲಿ ಬಿಡುವ ಮೊದಲೇ ಇಬ್ಬರ ದೂರನ್ನೂ ಕೇಳಬೇಕು. "ಅಂಗಡೀಲಿ ಜ್ವರದೋರು ಬರ್ತಾರೆ, ಮನೇಲಿ ನೀವಿಬ್ರು," ಎಂದು ಒಂದು ದಿನ ಅವಳು ನಕ್ಕಳು. ಮಾರನೆಯ ದಿನ ನಗಲಿಲ್ಲ.

ಕ್ಯಾಂಟೀನ್ ಅಜ್ಜಿಯ ಚೀಲದಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ಅದರೊಳಗೆ ಡಾಮಿನೊ ಬಿಲ್ಲೆಗಳು. ಕಾರ್ಖಾನೆಯ ಊಟದ ಬಿಡುವಿನಲ್ಲಿ ಕೆಲಸಗಾರರ ಜೊತೆ ಕೂತು ಆಡಿ ಆಡಿ ಆಕೆಯ ಕೈ ಪಳಗಿತ್ತು. ಕಟ್ಟಡದ ನೆಲಮಹಡಿಯ ಹಾಲ್‌ನಲ್ಲಿ ಸಂಜೆ ಹೊತ್ತು ನಿವೃತ್ತರು ಕೂತು ಹರಟುತ್ತಿದ್ದರು. ಕ್ಯಾಂಟೀನ್ ಅಜ್ಜಿ ಕೋಲೂರಿಕೊಂಡು ಕೆಳಗೆ ಇಳಿದು, ಪೆಟ್ಟಿಗೆ ತೆರೆದು, ಬಿಲ್ಲೆಗಳನ್ನು ಮೇಜಿನ ಮೇಲೆ ಗಲಗಲ ಸುರಿದದ್ದೇ ತಡ, ಹಾಲ್‌ಗೆ ಜೀವ ಬಂತು. ಸ್ವಲ್ಪ ದಿನದಲ್ಲೇ ಜನ ಮೇಲೆ ಬಂದು ಬಾಗಿಲು ತಟ್ಟತೊಡಗಿದರು. "ಕ್ಯಾಂಟೀನ್ ಅಮ್ಮ ಇದಾರಾ? ಆಟ ನಿಂತಿದೆ."

ಬಾಗಿಲು ತೆಗೆಯುತ್ತಿದ್ದವಳು ಲಾಂಡ್ರಿ ಅಜ್ಜಿ. ಆ ಮನೆಯಲ್ಲಿ ಮಗನ ಮದುವೆಯಾದಾಗಿನಿಂದ ಇದ್ದವಳು. ಅಷ್ಟು ವರ್ಷದಲ್ಲಿ ಆಕೆಯನ್ನು ಕೇಳಿಕೊಂಡು ಯಾರೂ ಆ ಬಾಗಿಲು ತಟ್ಟಿರಲಿಲ್ಲ.

"ನೀನೂ ಹೋಗು ಅಜ್ಜಿ," ಎಂದಳು ಮೊಮ್ಮಗಳು.

"ಕೆಲಸ ಇಲ್ಲದೋರ ಆಟ ಅದು."

"ನಿಂಗೇನು ಕೆಲಸ ಇದೆ?"

ಮಾತು ಸಣ್ಣದು, ಆದರೆ ನಾಟಿತು. ಮರುದಿನ ಮಧ್ಯಾಹ್ನ ಇಬ್ಬರೂ ಊಟದ ಮೇಜಿಗೆ ಕೂತು ಬಟಾಣಿ ಸುಲಿಯುತ್ತಿರುವಾಗ ಲಾಂಡ್ರಿ ಅಜ್ಜಿ ಸಿಪ್ಪೆಯನ್ನು ನೋಡುತ್ತಲೇ ಕೇಳಿದಳು, "ಅದೇನು ಅಷ್ಟು ಕಷ್ಟವೇನ್ರೀ, ನಿಮ್ಮ ಆಟ?"

ಕ್ಯಾಂಟೀನ್ ಅಜ್ಜಿ ಜಾಣೆ. ನಗಲಿಲ್ಲ. ಬಟಾಣಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಪೆಟ್ಟಿಗೆ ತಂದಳು.

"ಪ್ರತಿ ಬಿಲ್ಲೆಗೂ ಎರಡು ಮನೆ ಅಕ್ಕಾ. ಮನೇಲಿ ಚುಕ್ಕಿ. ಮೂರಕ್ಕೆ ಮೂರು, ಐದಕ್ಕೆ ಐದು ಸೇರಿಸ್ಬೇಕು. ಎರಡೂ ಕಡೆ ಒಂದೇ ಚುಕ್ಕಿ ಇದ್ರೆ ಅದು ಜೋಡಿ, ಅಡ್ಡ ಇಡೋದು. ಯಾರ ಕೈ ಮೊದಲು ಖಾಲಿ ಆಗುತ್ತೋ ಅವರು ಗೆದ್ರು."

"ಇಷ್ಟೇನಾ?"

"ಇಷ್ಟೇ. ಆಲೂಗಡ್ಡೆ ಬೇಯ್ಸೋದೂ ಇಷ್ಟೇ."

ಕಣ್ಣು ಮೇಜಿನ ಮೇಲೆ ಚುಕ್ಕಿ ಹುಡುಕುವಷ್ಟರಲ್ಲಿ ಕೈಯಲ್ಲಿದ್ದದ್ದು ಮರೆಯುತ್ತಿತ್ತು. ಲಾಂಡ್ರಿ ಅಜ್ಜಿ ಐದಕ್ಕೆ ಆರು ಸೇರಿಸಿದಳು. ಜೋಡಿಯನ್ನು ಉದ್ದಕ್ಕೆ ಇಟ್ಟಳು. ಎಲ್ಲಕ್ಕಿಂತ ಆಕೆಗೆ ಕಷ್ಟವಾದದ್ದು ಪಾಸ್ ಅನ್ನುವುದು. ಸೇರಿಸಲು ಬಿಲ್ಲೆ ಇಲ್ಲದಿದ್ದರೆ ಮೇಜು ಕುಟ್ಟಿ ಪಾಸ್ ಅನ್ನಬೇಕು. ಆಕೆ ಅನ್ನುತ್ತಿರಲಿಲ್ಲ. ಇರುವ ಬಿಲ್ಲೆಗಳನ್ನೇ ತಿರುಗಿಸಿ ಮುರುಗಿಸಿ ನೋಡುತ್ತಾ ಕೂತುಬಿಡುತ್ತಿದ್ದಳು.

"ಇಲ್ಲ ಅಂದ್ರೆ ಇಲ್ಲ ಅನ್ನಿ ಅಕ್ಕಾ, ಅದಕ್ಕೇನು ನಾಚ್ಕೆ?"

"ನಾಚ್ಕೆ ಯಾಕೆ? ಹುಡುಕ್ತಿದೀನಿ."

"ಹುಡುಕಿದ್ರೆ ಹುಟ್ಟುತ್ತಾ?"

ಆದರೂ ಆ ಮಧ್ಯಾಹ್ನಗಳು ಚೆನ್ನಾಗಿಯೇ ಕಳೆದವು. ಬಟಾಣಿ ಮುಗಿದು ಬೀನ್ಸ್ ಬಂತು, ಬೀನ್ಸ್ ಮುಗಿದು ಕ್ಯಾರೆಟ್ ಬಂತು, ಆಟ ನಡೆಯಿತು. ಸೌಟಿನ ಜಗಳ ತಾನಾಗಿಯೇ ತಣ್ಣಗಾಯಿತು. "ಏನೋ ಮಾಟ ಮಾಡಿದಾರೆ ನಿಮ್ಮಮ್ಮ," ಎಂದು ಮೆಕ್ಯಾನಿಕ್ ಹೆಂಡತಿಯ ಕಿವಿಯಲ್ಲಿ ಹೇಳಿದ.

ಹಾಲ್‌ಗೆ ಕರೆದುಕೊಂಡು ಹೋದದ್ದೂ ಕ್ಯಾಂಟೀನ್ ಅಜ್ಜಿಯೇ. ಅಲ್ಲಿ ಇಬ್ಬಿಬ್ಬರ ಜೋಡಿ ಕಟ್ಟಿಕೊಂಡು ಆಡುವುದು ರೂಢಿ. "ನನ್ನ ಜೋಡಿ ಅಕ್ಕ," ಎಂದು ಆಕೆ ಎಲ್ಲರ ಮುಂದೆ ಸಾರಿದಳು. ಎದುರಿಗೆ ನಿವೃತ್ತ ಪೋಸ್ಟ್‌ಮನ್, ಅವನ ಜೊತೆಗೆ ಮೂರನೇ ಮಹಡಿಯ ಬ್ಯಾಂಡಿನವ. ಮದುವೆ ಮೆರವಣಿಗೆಗಳಲ್ಲಿ ತುತ್ತೂರಿ ಊದಿ ಊದಿ ಅವನ ಮಾತೂ ತುತ್ತೂರಿಯೇ ಆಗಿತ್ತು.

ಅಜ್ಜಿಯರ ಜೋಡಿ ಸೋತಿತು. ಮರುದಿನವೂ ಸೋತಿತು. ಕ್ಯಾಂಟೀನ್ ಅಜ್ಜಿ ಕಷ್ಟಪಟ್ಟು ದಾರಿ ಮಾಡಿಕೊಟ್ಟರೆ ಲಾಂಡ್ರಿ ಅಜ್ಜಿ ಆ ದಾರಿಗೇ ಕಲ್ಲು ಹಾಕುತ್ತಿದ್ದಳು.

"ಅಮ್ಮಾವ್ರೇ, ಇದು ಬೆಡ್‌ಶೀಟ್ ಅಲ್ಲ, ಹೇಗೆ ಬೇಕೋ ಹಾಗೆ ಮಡಚಕ್ಕೆ!" ಎಂದು ಬ್ಯಾಂಡಿನವ ಊದಿದ. ಹಾಲ್ ನಕ್ಕಿತು. ಪಾಪ, ನಗದೆ ಕೂತದ್ದು ಕ್ಯಾಂಟೀನ್ ಅಜ್ಜಿ ಒಬ್ಬಳೇ. ಲಾಂಡ್ರಿ ಅಜ್ಜಿಗೆ ಆ ನಗುವಿಗಿಂತ ಈ ಕನಿಕರ ಹೆಚ್ಚು ಉರಿಯಿತು.

ಮುಂದಿನ ಭಾನುವಾರ ಹಾಲ್‌ನಲ್ಲಿ ಪಂದ್ಯವಿತ್ತು. ಬಹುಮಾನ ಗಿಹುಮಾನ ಏನಿಲ್ಲ; ಕಟ್ಟಡದವರೆಲ್ಲ ನೋಡಲು ಬರುತ್ತಾರೆ, ಅಷ್ಟೇ. ಮಗ, ಸೊಸೆ, ಮೊಮ್ಮಗಳು ಕೂಡ ಗೋಡೆಗೆ ಒರಗಿ ನಿಂತಿದ್ದರು. ಲಾಂಡ್ರಿ ಅಜ್ಜಿಯ ಪಾಲಿಗೆ ಬಂದ ಬಿಲ್ಲೆಗಳಲ್ಲಿ ಜೋಡಿ ಆರು ಇತ್ತು. ಹನ್ನೆರಡು ಚುಕ್ಕಿಯ, ಎಲ್ಲಕ್ಕಿಂತ ಭಾರದ ಬಿಲ್ಲೆ. "ಭಾರದ್ದನ್ನ ಮೊದಲು ಇಳಿಸಿ," ಎಂದು ಪಾಠವಾಗಿತ್ತು. ಆದರೆ ಆರು ಬರುವ ಜಾಗವನ್ನೆಲ್ಲ ಪೋಸ್ಟ್‌ಮನ್ ಮುಚ್ಚುತ್ತಾ ಹೋದ. ಆಟ ಅರ್ಧ ದಾಟಿತು. ಎಲ್ಲರ ಕೈಯೂ ಹಗುರಾಗುತ್ತಿದೆ, ಇವಳ ಕೈಯಲ್ಲಿ ಅದು ಹಾಗೇ ನಿಂತಿದೆ. ಅಷ್ಟರಲ್ಲಿ ಯಾರೋ ಟೀ ತಂದರು. ಟ್ರೇ ಮೇಜಿನ ಹತ್ತಿರ ಬಂದಾಗ ಎಲ್ಲರೂ ಆ ಕಡೆ ತಿರುಗಿ ಲೋಟಕ್ಕೆ ಕೈ ಚಾಚಿದರು. ಲಾಂಡ್ರಿ ಅಜ್ಜಿಯ ಕೈ ಮಾತ್ರ ತನ್ನ ಸ್ವೆಟರಿನ ಜೇಬಿಗೆ ಹೋಗಿ ಬಂತು.

ಯೋಚಿಸಿ ಮಾಡಿದ್ದಲ್ಲ. ಮಾಡಿಯಾದ ಮೇಲೆ ಯೋಚನೆ ಬಂತು, ಆಗ ಬಿಲ್ಲೆ ಜೇಬಿನಲ್ಲಿತ್ತು.

ಉಳಿದ ಬಿಲ್ಲೆಗಳು ಒಂದಾದ ಮೇಲೊಂದು ಸರಾಗ ಕೂತವು. ಕೊನೆಯದನ್ನು ಆಕೆ ಮೇಜಿಗೆ ಬಡಿದಾಗ ಹಾಲ್ ಎದ್ದು ಚಪ್ಪಾಳೆ ತಟ್ಟಿತು. "ನಮ್ಮಜ್ಜಿ!" ಎಂದು ಮೊಮ್ಮಗಳು ಕುಣಿದಳು. ಮಗ ಬಾಯಿಗೆ ಬೆರಳಿಟ್ಟು ಸಿಳ್ಳೆ ಹೊಡೆದ. ಕ್ಯಾಂಟೀನ್ ಅಜ್ಜಿ ಮಾತ್ರ ಮೇಜಿನ ಮೇಲಿನ ಸಾಲನ್ನು ನೋಡುತ್ತಿದ್ದಳು.

ಪೋಸ್ಟ್‌ಮನ್ ಬಿಲ್ಲೆಗಳನ್ನು ಪೆಟ್ಟಿಗೆಗೆ ಜೋಡಿಸುತ್ತಾ ಹೋಗಿ ನಿಂತ. ಕೊನೆಯ ಸಾಲಿನಲ್ಲಿ ಒಂದು ಜಾಗ ಖಾಲಿ.

"ಜೋಡಿ ಆರು ಎಲ್ಲಿ?"

ಬೆಂಚಿನ ಕೆಳಗೆ ನೋಡಿದರು, ಟ್ರೇ ಎತ್ತಿ ನೋಡಿದರು. ಕ್ಯಾಂಟೀನ್ ಅಜ್ಜಿ ಆಪರೇಷನ್ ಆದ ಮಂಡಿಯನ್ನು ಬಗ್ಗಿಸಲಾಗದೆ ಕೋಲಿನಿಂದ ಮೇಜಿನ ಕಾಲ ಬುಡವನ್ನು ತಡಕಿದಳು. ಲಾಂಡ್ರಿ ಅಜ್ಜಿಯೂ ಬಗ್ಗಿ ಹುಡುಕಿದಳು. ಹೌದು, ತಾನೂ ಹುಡುಕಿದಳು.

"ಬಿಲ್ಲೆ ಕಮ್ಮಿ ಆದ್ರೆ ಗೆಲುವು ಸಲೀಸು," ಎಂದ ಬ್ಯಾಂಡಿನವ.

"ಲಾಂಡ್ರಿ ಅಮ್ಮಾವ್ರ ಬಗ್ಗೆ ಹಾಗೆಲ್ಲ ಅನ್ಬೇಡ," ಎಂದ ಪೋಸ್ಟ್‌ಮನ್. "ಆಸ್ಪತ್ರೇಲಿ ಒಂದು ಟವೆಲ್ ಕೂಡ ಕಳೆದೋರಲ್ಲ. ಮೋಸ ಮಾಡೋಷ್ಟು ಆಟ ಅವರಿಗೆಲ್ಲಿ ಬರುತ್ತೆ? ಪೆಟ್ಟಿಗೆ ಯಾರ್ದು, ಕೈಚಳಕ ಯಾರ್ದು, ಎಲ್ರಿಗೂ ಗೊತ್ತು."

ಎಲ್ಲರ ಕಣ್ಣೂ ಕ್ಯಾಂಟೀನ್ ಅಜ್ಜಿಯ ಕಡೆ ತಿರುಗಿದವು. ಆಕೆ ಲಾಂಡ್ರಿ ಅಜ್ಜಿಯ ಮುಖವನ್ನು ಒಮ್ಮೆ ನೋಡಿದಳು. ಏನೋ ಕಾಯುವವಳಂತೆ ನೋಡಿದಳು. ಆಮೇಲೆ, "ಹಳೇ ಪೆಟ್ಟಿಗೆ. ಎಲ್ಲೋ ಬಿದ್ದಿರುತ್ತೆ," ಎಂದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಲಾಂಡ್ರಿ ಅಜ್ಜಿ ಮೆಟ್ಟಿಲು ಹತ್ತುವಾಗ ಒಂದು ಕೈಯನ್ನು ಜೇಬಿನ ಮೇಲಿಂದ ತೆಗೆಯಲೇ ಇಲ್ಲ.

ಆ ವಾರ ಊಟದ ಮೇಜಿನಲ್ಲಿ ಮಾತು ಕಡಿಮೆಯಾಯಿತು. ಮೆಕ್ಯಾನಿಕ್ ಬ್ರೆಡ್ ಮುರಿಯುತ್ತಾ, "ಪಕ್ಕದ ಬಿಲ್ಡಿಂಗ್‌ಗೆ ಲಿಫ್ಟ್ ಸರಿಮಾಡಕ್ಕೆ ಹೋದ್ರೆ ಅಲ್ಲೂ ಕೇಳ್ತಾರೆ, ನಿಮ್ಮತ್ತೆ ಆಟ ಹೇಗಿದೆ ಅಂತ," ಎಂದ.

"ನಮ್ಮಮ್ಮ ಹಂಗೆ ಮಾಡೋಳಲ್ಲ," ಎಂದಳು ಹೆಂಡತಿ.

"ನಾನು ಮಾಡಿದ್ರು ಅಂದ್ನಾ?"

"ಅನ್ಬೇಕಾ ಬೇರೆ? ಮುಖ ಹೇಳ್ತಿದೆ."

"ನನ್ನ ಮುಖ ಬಿಡು. ನಾಳೆ ನನ್ನ ಡಬ್ಬಿಗೆ ಏನು ಹಾಕ್ತೀಯ ಅದು ಹೇಳು."

"ಖಾಲಿ ಡಬ್ಬಿಯೇ ಗತಿ!"

ಕ್ಯಾಂಟೀನ್ ಅಜ್ಜಿ ಸೂಪ್ ಕುಡಿಯುತ್ತಿದ್ದಳು. ಲಾಂಡ್ರಿ ಅಜ್ಜಿ ಎಲ್ಲರಿಗೂ ಎರಡೆರಡು ಸಲ ಬಡಿಸಿದಳು. ಆಕೆಗೆ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಹೇಗಾದರೂ ಬಿಲ್ಲೆಯನ್ನು ಪೆಟ್ಟಿಗೆಯೊಳಗೆ ಸೇರಿಸಿಬಿಟ್ಟರೆ ಸಾಕು, ಮೂಲೆಯಲ್ಲಿ ಸಿಕ್ಕಿಕೊಂಡಿತ್ತು ಅಂದುಕೊಳ್ಳುತ್ತಾರೆ ಎಂದು ಆಕೆ ಲೆಕ್ಕ ಹಾಕಿದಳು. ಒಂದು ಮಧ್ಯಾಹ್ನ ಕ್ಯಾಂಟೀನ್ ಅಜ್ಜಿ ಸ್ನಾನಕ್ಕೆ ಹೋದಾಗ ಕೋಣೆಗೆ ಬಂದು, ಆಕೆಯ ಮಂಚದ ಕೆಳಗಿನ ಪೆಟ್ಟಿಗೆ ಎಳೆದು, ಜೇಬಿಗೆ ಕೈ ಹಾಕಿದಳು. ಬಾಗಿಲಲ್ಲಿ ಮೊಮ್ಮಗಳು. ಶಾಲೆ ಬೇಗ ಬಿಟ್ಟಿತ್ತು.

"ಅಜ್ಜಿ, ಅದು ನಿನ್ನ ಹತ್ರ ಹೇಗೆ ಬಂತು?"

"ಇಲ್ಲೇ… ಗುಡಿಸ್ತಾ ಇದ್ದೆ. ಮಂಚದ ಕೆಳಗೆ ಸಿಕ್ತು."

ಮಗುವಿನ ಮುಖ ಅರಳಿತು. ಒಳ್ಳೆಯ ಸುದ್ದಿ ಸಿಕ್ಕರೆ ಮಕ್ಕಳ ಹೊಟ್ಟೆಯಲ್ಲಿ ನಿಲ್ಲುತ್ತದೆಯೇ? ಅಂದು ಎಲ್ಲರೂ ಊಟಕ್ಕೆ ಕೂತಿದ್ದೇ ತಡ, ಕೈ ಎತ್ತಿ ಬಿಲ್ಲೆಯನ್ನು ತೋರಿಸಿದಳು. "ಜೋಡಿ ಆರು ಸಿಕ್ಬಿಡ್ತು! ಅಮ್ಮಮ್ಮನ ಮಂಚದ ಕೆಳಗೇ ಇತ್ತಂತೆ!"

ಮೆಕ್ಯಾನಿಕ್ ಚಮಚ ಕೆಳಗಿಟ್ಟ. ಅವನ ಹೆಂಡತಿಯ ಮುಖ ಕುತ್ತಿಗೆಯವರೆಗೂ ಕೆಂಪಾಯಿತು.

"ಕೆಳಗೆ ಹಾಲ್‌ನಲ್ಲಿ ಕಳೆದಿದ್ದು ಮೇಲೆ ಮಂಚದ ಕೆಳಗೆ ಹೇಗಮ್ಮ ಬರುತ್ತೆ?" ಎಂದಳು ತಾಯಿಗೆ, ಬಹಳ ಮೆಲ್ಲಗೆ.

ಕ್ಯಾಂಟೀನ್ ಅಜ್ಜಿ ಲಾಂಡ್ರಿ ಅಜ್ಜಿಯನ್ನು ಮತ್ತೊಮ್ಮೆ ನೋಡಿದಳು. ಲಾಂಡ್ರಿ ಅಜ್ಜಿ ಅನ್ನದ ಪಾತ್ರೆಯ ಮುಚ್ಚಳ ತೆಗೆದಳು, ಮುಚ್ಚಿದಳು.

"ಸಿಕ್ತಲ್ಲ ಮಗು. ಒಳ್ಳೇದಾಯ್ತು," ಎಂದು ಕ್ಯಾಂಟೀನ್ ಅಜ್ಜಿ ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ತಿಂದು ಎದ್ದಳು.

ಬೆಳಗ್ಗೆ ಆಕೆ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ಕ್ಯಾಂಟೀನಿನ ಹಳೆಯ ಗೆಳತಿಯೊಬ್ಬಳು ಊರಿನ ಆಚೆ ಬದಿಯಲ್ಲಿ ಇದ್ದಾಳೆ, ಸ್ವಲ್ಪ ದಿನ ಅಲ್ಲಿರುತ್ತೇನೆ ಎಂದಳು. ಮಗಳು ತಡೆಯಲಿಲ್ಲ. ಕೆಲಸಕ್ಕೆ ಹೊರಟು ನಿಂತವಳು ಬಾಗಿಲ ಹಿಂದೆ ತಾಯಿಗೆ, "ಯಾಕಮ್ಮ ಹಂಗೆ ಮಾಡ್ದೆ? ಒಂದು ಆಟಕ್ಕೆ! ಈ ಮನೇಲಿ ನಾನು ಹೇಗೆ ತಲೆ ಎತ್ತಲಿ?" ಎಂದು ಅತ್ತಳು. ತಾಯಿ ಏನು ಉತ್ತರ ಕೊಟ್ಟಳೋ ಕೇಳಿಸಲಿಲ್ಲ. ಮೆಟ್ಟಿಲ ಮೇಲೆ ಕೋಲಿನ ಸದ್ದು ಕೆಳಕೆಳಗೆ ಇಳಿಯಿತು.

ಲಾಂಡ್ರಿ ಅಜ್ಜಿ ಅಡುಗೆಮನೆಯಲ್ಲಿ ನಿಂತು ಅಷ್ಟನ್ನೂ ಕೇಳಿದಳು. ನೆಲ ಬಿರಿಯಬಾರದೇ ಅನ್ನಿಸಿತು. ನೆಲ ಎಲ್ಲಿ ಬಿರಿಯುತ್ತದೆ, ಅದು ಎರಡನೆಯ ಮಹಡಿ. ಕೆಳಗೆ ಮತ್ತೊಬ್ಬರ ಮನೆ.

ಖಾಲಿ ಮಂಚದ ಎದುರು ಕೆಲವು ದಿನ ಕಳೆದಳು. ಸೊಸೆ ಈಗ ಆಕೆಗೆ ಇಲ್ಲದ ಮರ್ಯಾದೆ ಕೊಡತೊಡಗಿದ್ದಳು. "ಕೂತ್ಕೊಳ್ಳಿ ಅತ್ತೆ, ನಾನು ಬಡಿಸ್ತೀನಿ. ನೀವು ಸುಮ್ನಿರಿ ಅತ್ತೆ, ನಾನು ತೊಳೀತೀನಿ." ತಾಯಿಯ ತಪ್ಪಿಗೆ ಮಗಳು ದುಡಿದು ತೀರಿಸುತ್ತಿದ್ದಳು. ಒಂದು ಬೆಳಗ್ಗೆ ಅವಳು ಬಗ್ಗಿ ಅತ್ತೆಯ ಚಪ್ಪಲಿಯನ್ನೂ ಒರೆಸಿ ಇಡುತ್ತಿರುವುದನ್ನು ನೋಡಿ ಲಾಂಡ್ರಿ ಅಜ್ಜಿಗೆ ಇನ್ನು ತಡೆಯಲಾಗಲಿಲ್ಲ. ಸೊಸೆ ಹೊರಟುಹೋದ ಮೇಲೆ ಮಗನನ್ನು ಕರೆದು ಹೇಳಿಬಿಟ್ಟಳು.

ಮೆಕ್ಯಾನಿಕ್ ಬಹಳ ಹೊತ್ತು ಕೈಯಲ್ಲಿದ್ದ ಸ್ಪಾನರನ್ನು ಬಟ್ಟೆಯಿಂದ ಒರೆಸಿದ.

"ಇನ್ಯಾರಿಗೆ ಹೇಳಿದೀಯ?"

"ನಿಂಗೇ ಮೊದಲು."

"ನಂಗೇ ಕೊನೆ ಆಗ್ಲಿ. ಈಗೇನು, ಜನ ನಾಲ್ಕು ದಿನ ಆಡ್ಕೊಂಡ್ರು, ಮರೀತಾರೆ. ಅತ್ತೇನೂ ಹೋಗಿ ಆಯ್ತು. ಇದನ್ನ ಕೆದಕಿದ್ರೆ ನಾನು ಹೆಂಡ್ತಿ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ?"

"ನಿನ್ನ ಹೆಂಡ್ತಿ ನನ್ನ ಚಪ್ಪಲಿ ಒರೆಸ್ತಿದಾಳೆ ಕಣೋ."

"ಒರೆಸ್ಲಿ ಬಿಡು," ಎಂದವನು, ತನ್ನ ಮಾತಿಗೆ ತಾನೇ ಬೆಚ್ಚಿ ತಲೆ ತಗ್ಗಿಸಿದ.

ಲಾಂಡ್ರಿ ಅಜ್ಜಿ ಅಂದು ಸಂಜೆ ಹಾಲ್‌ಗೆ ಇಳಿದಳು. ಪೆಟ್ಟಿಗೆ ಅಲ್ಲಿಲ್ಲವಾದ್ದರಿಂದ ಜನ ಬರೀ ಹರಟುತ್ತಿದ್ದರು. ಆಕೆ ನಿಂತುಕೊಂಡೇ ಹೇಳಿದಳು.

"ಬಿಲ್ಲೆ ಬಚ್ಚಿಟ್ಟಿದ್ದು ನಾನು. ಅವತ್ತು ಟೀ ಬಂದಾಗ. ಅವರಲ್ಲ."

ಬ್ಯಾಂಡಿನವನ ಬಾಯಿಂದ ತುತ್ತೂರಿ ಹೊರಡಲಿಲ್ಲ. ಯಾರೋ ಕೆಮ್ಮಿದರು. ಪೋಸ್ಟ್‌ಮನ್ ಕನ್ನಡಕ ತೆಗೆದು, "ಹೋಗ್ಲಿ ಬಿಡಿ ಅಮ್ಮಾ, ಆಟ ತಾನೇ," ಎಂದ. ಆದರೆ ಕೂತ್ಕೊಳ್ಳಿ ಎಂದು ಯಾರೂ ಅನ್ನಲಿಲ್ಲ. ಹಿಂದೆ ತಿರುಗಿದಾಗ ಪಿಸುಮಾತು ಶುರುವಾಯಿತು. "ಟವೆಲ್ ಕಥೆಯೂ ಹೀಗೇ ಇರ್ಬೇಕು." ಮಾತು ಬೆನ್ನಿಗೆ ಬಿತ್ತು. ಟವೆಲ್‌ಗಳ ವಿಷಯದಲ್ಲಿ ಆಕೆ ನಿಜಕ್ಕೂ ಚೊಕ್ಕವಾಗಿದ್ದಳು. ಆದರೆ ಅದನ್ನು ಹೇಳುವ ಬಾಯಿ ಈಗ ಆಕೆಗೆ ಉಳಿದಿರಲಿಲ್ಲ.

ಮಾರನೆಯ ಬೆಳಗ್ಗೆ ಬಸ್ಸು ಹತ್ತಿ ಊರಿನ ಆಚೆ ಬದಿಗೆ ಹೋದಳು. ಕ್ಯಾಂಟೀನ್ ಅಜ್ಜಿ ಗೆಳತಿಯ ಹಿತ್ತಿಲಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ಬಂದವಳನ್ನು ನೋಡಿ ಸ್ಟೂಲು ಸರಿಸಿದಳು.

"ನಿಮಗೆ ಅವತ್ತೇ ಗೊತ್ತಾಗಿತ್ತು," ಎಂದಳು ಲಾಂಡ್ರಿ ಅಜ್ಜಿ.

"ಗೊತ್ತಾಗ್ದೆ ಏನು? ಎಲ್ಲರ ಕೈಲಿ ಏನಿತ್ತು ಅಂತ ನಂಗೆ ಲೆಕ್ಕ ಇತ್ತು. ಆರು ನಿಮ್ಮ ಹತ್ರಾನೇ ಇರ್ಬೇಕು."

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ?"

"ಮಗಳ ಮನೆ ಅನ್ನ ತಿನ್ನೋಳು ಅಳಿಯನ ತಾಯಿ ಮೇಲೆ ಕಳ್ಳತನ ಹೊರಿಸ್ಲಾ? ಯಾರು ನಂಬ್ತಿದ್ರು?" ಚಾಕು ನಿಂತಿತು. "ನೀವೇ ಹೇಳ್ತೀರಿ ಅಂತ ಕಾದೆ ಅಕ್ಕಾ. ಹಾಲ್‌ನಲ್ಲಿ ಕಾದೆ, ಊಟದ ಮೇಜಲ್ಲಿ ಕಾದೆ."

"ತಪ್ಪಾಯ್ತು. ಹಾಲ್‌ನಲ್ಲಿ ಹೇಳಿ ಬಂದೆ. ಮನೆಗೆ ಬನ್ನಿ."

"ಹಾಲ್ ಕಟ್ಕೊಂಡು ನಂಗೇನಾಗ್ಬೇಕು? ನಾನು ಹೆತ್ತೋಳು ನನ್ನ ಕಳ್ಳಿ ಅಂದ್ಲು. ಅವಳಿಗೆ ಹೇಳಿದ್ರಾ?"

ಲಾಂಡ್ರಿ ಅಜ್ಜಿ ಒಂದು ಈರುಳ್ಳಿ ಎತ್ತಿಕೊಂಡು ಸಿಪ್ಪೆ ಬಿಡಿಸತೊಡಗಿದಳು.

"ಅವಳು ಬಂದು ಕರೀಲಿ. ನೀವು ಕರೆದ್ರೆ ನಾನು ಬರಲ್ಲ." ಆದರೂ ಒಳಗಿನಿಂದ ಟೀ ತರಿಸಿದಳು. ಇಬ್ಬರೂ ಕುಡಿದರು.

ಮನೆಗೆ ಮರಳುವಷ್ಟರಲ್ಲಿ ಸೊಸೆ ಕೆಲಸದಿಂದ ಬಂದು ಒಲೆ ಹಚ್ಚಿದ್ದಳು. ಲಾಂಡ್ರಿ ಅಜ್ಜಿ ಎಲ್ಲವನ್ನೂ ಹೇಳಿದಳು, ಜೇಬಿನಿಂದ ಹಿಡಿದು ಮಂಚದ ಕೆಳಗಿನ ಸುಳ್ಳಿನವರೆಗೆ. ಸೊಸೆ ಬೈಯುತ್ತಾಳೆ ಎಂದುಕೊಂಡಿದ್ದಳು, ಬೈದಿದ್ದರೆ ಒಳ್ಳೆಯದಿತ್ತು. ಅವಳು ಒಲೆ ಆರಿಸಿದಳು. ಕೈ ತೊಳೆದಳು. ಗಂಡನ ಕಡೆ ತಿರುಗಿ, "ನಿಮಗೆ ಗೊತ್ತಿತ್ತಾ?" ಎಂದಳು.

ಅವನು ಕಣ್ಣು ತಪ್ಪಿಸಿದ. ಅಷ್ಟು ಸಾಕಾಯಿತು ಅವಳಿಗೆ. ಚಪ್ಪಲಿ ಮೆಟ್ಟಿ ಹೊರಟುಹೋದಳು.

ಅರ್ಧ ಬೆಂದ ಅಡುಗೆಯ ಮುಂದೆ ಮೂವರು ಕೂತರು. ಮೊಮ್ಮಗಳು ಬ್ರೆಡ್ ಮುಟ್ಟಲಿಲ್ಲ.

"ಅಜ್ಜಿ, ನನ್ನ ಹತ್ರ ಸುಳ್ಳು ಹೇಳಿದ್ಯಾ?"

"ಹೌದು ಪುಟ್ಟಿ."

"ಅದನ್ನ ನಾನೇ ಎಲ್ರಿಗೂ ಹೇಳ್ದೆ."

"ಹೌದು."

"ಅಮ್ಮಮ್ಮ ಹೋಗಿದ್ದು ನನ್ನಿಂದಾನಾ?"

"ಇಲ್ಲ ಪುಟ್ಟಿ, ನನ್ನಿಂದ," ಎಂದಳು ಅಜ್ಜಿ. ಮಗು ನಂಬಿದಂತೆ ಕಾಣಲಿಲ್ಲ. ತಟ್ಟೆಯನ್ನು ಎತ್ತಿಕೊಂಡು ಅಪ್ಪನ ಪಕ್ಕಕ್ಕೆ ಹೋಗಿ ಕೂತಳು.

ತಾಯಿ ಮಗಳ ನಡುವೆ ಆಚೆ ಬದಿಯ ಹಿತ್ತಿಲಲ್ಲಿ ಏನು ಮಾತಾಯಿತೋ ಯಾರಿಗೂ ತಿಳಿಯದು. ಎರಡು ದಿನ ಸೊಸೆ ಅಲ್ಲೇ ಉಳಿದು, ಕೆಲಸಕ್ಕೂ ಅಲ್ಲಿಂದಲೇ ಹೋಗಿ, ಆಮೇಲೆ ಇಬ್ಬರೂ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದರು. ಮೆಕ್ಯಾನಿಕ್ ಅತ್ತೆಯ ಚೀಲ ತೆಗೆದುಕೊಳ್ಳಲು ಓಡಿದ. "ಲಿಫ್ಟ್ ರಿಪೇರಿ ಮಾಡೋನ ಮನೆಗೆ ಲಿಫ್ಟ್ ಇಲ್ಲ ನೋಡಪ್ಪ," ಎಂದು ಕ್ಯಾಂಟೀನ್ ಅಜ್ಜಿ ಏದುಸಿರು ಬಿಡುತ್ತಾ ಹೇಳಿದಳು. ಆ ಒಂದು ತಮಾಷೆಗೆ ಮನೆ ಸ್ವಲ್ಪ ಉಸಿರಾಡಿತು.

ದಿನಗಳು ಮೆಲ್ಲಮೆಲ್ಲನೆ ದಾರಿಗೆ ಬಂದವು. ಸೊಸೆ ಅತ್ತೆಯ ಜೊತೆ ಬೇಕಾದಷ್ಟೇ ಮಾತಾಡಿದಳು, ಗಂಡನ ಜೊತೆ ಅದಕ್ಕಿಂತ ಕಡಿಮೆ. ಕ್ಯಾಂಟೀನ್ ಅಜ್ಜಿಯನ್ನು ಹಾಲ್‌ನವರು ಬಂದು ಕರೆದರು, ಕ್ಷಮೆ ಕೇಳಿದರು, ಆಕೆ ಹೋದಳು. ಲಾಂಡ್ರಿ ಅಜ್ಜಿ ಹೋಗಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಮೊಮ್ಮಗಳ ಹೊಸ ಅಭ್ಯಾಸ. ಮುನಿಸಿಲ್ಲ, ಸಿಟ್ಟಿಲ್ಲ, ಕರೆದರೆ ಬರುತ್ತಾಳೆ, ಕೊಟ್ಟರೆ ತಿನ್ನುತ್ತಾಳೆ. ಆದರೆ ಲಾಂಡ್ರಿ ಅಜ್ಜಿ ಏನು ಹೇಳಿದರೂ, ಹಾಲು ಬಿಸಿ ಇದೆ ಅಂದರೂ, ಗಂಟೆ ಎಂಟಾಯಿತು ಅಂದರೂ, ಒಂದು ಕ್ಷಣ ನಿಂತು ಬೇರೆ ಯಾರ ಮುಖವನ್ನಾದರೂ ನೋಡುತ್ತಿದ್ದಳು. ಬೇಕೆಂದು ಮಾಡುತ್ತಿರಲಿಲ್ಲ. ಬೇಕೆಂದು ಮಾಡಿದ್ದರೆ ಗದರಿಸಬಹುದಿತ್ತು.

ಒಂದು ಬೆಳಗ್ಗೆ ಶಾಲೆಗೆ ಹೊರಟ ಮಗುವಿಗೆ ಲಾಂಡ್ರಿ ಅಜ್ಜಿ ಕಿಟಕಿಯ ಹತ್ತಿರದಿಂದ ಹೇಳಿದಳು, "ಮೋಡ ಕಟ್ಟಿದೆ ಪುಟ್ಟಿ, ಕೊಡೆ ತಗೊಂಡು ಹೋಗು."

ಮಗು ನಿಂತಿತು. ಮೇಜಿನ ಮುಂದೆ ಕಾಲು ಚಾಚಿ ಕೂತು ಬೀನ್ಸ್ ಮುರಿಯುತ್ತಿದ್ದ ಇನ್ನೊಬ್ಬ ಅಜ್ಜಿಯ ಕಡೆ ತಿರುಗಿತು.

"ಹೌದಾ ಅಮ್ಮಮ್ಮ?"

ಕ್ಯಾಂಟೀನ್ ಅಜ್ಜಿ ಕೂತಲ್ಲಿಗೆ ಆಕಾಶ ಕಾಣುತ್ತಿರಲಿಲ್ಲ. ಆಕೆ ಕತ್ತೆತ್ತಿ ಕಿಟಕಿಯ ಕಡೆ ನೋಡಲೂ ಇಲ್ಲ.

"ಅಜ್ಜಿ ಹೇಳ್ತಿದಾರಲ್ಲ," ಎಂದಳು. "ತಗೊಂಡು ಹೋಗು."

ಮಗು ಕೊಡೆ ತೆಗೆದುಕೊಂಡು ಹೋಯಿತು. ಲಾಂಡ್ರಿ ಅಜ್ಜಿ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು, ಬೀನ್ಸ್ ಮುರಿಯುವ ಸದ್ದನ್ನು ಕೇಳುತ್ತಾ, ತಿರುಗಲಾರದೆ ನಿಂತಳು.